ನಾಟ್ ಓಕೆ ಏಳು

ಆಸ್ಪತ್ರೆಯ ಟೆಲಿಫೋನ್ ಆಪರೇಟರಿಗೆ ಹುಟ್ಟಿನಿಂದಲೂ ಕಣ್ಣು ಕಾಣದು. ಕಿವಿ ಮಾತ್ರ ಬಲು ಚುರುಕು. ಮನೆಯ ಕಂಪ್ಯೂಟರಿನ ಪರದೆಯನ್ನು ಅವರಿಗೆ ಓದಿ ಹೇಳುವುದು ಮೇಜಿನ ಮೇಲಿನ ಹಳೆಯ ಮಾತಾಡುವ ಪೆಟ್ಟಿಗೆ. ಅದರದು ನೆಗಡಿಯಾದವರ ದನಿ. ಇಪ್ಪತ್ತು ವರ್ಷದಲ್ಲಿ ಅದು ಮಾತಾಡಿದಷ್ಟು ತಾನು ಮಾತಾಡಿಲ್ಲ ಎಂದು ಹೆಂಡತಿಯ ದೂರು. ಇದು ಅಪ್ಪಟ ಸುಳ್ಳು.

ಆ ಪೆಟ್ಟಿಗೆಗೆ ಈಗ ಸಂಚಕಾರ ಬಂದಿತ್ತು. ಕಂಪ್ಯೂಟರಿನ ಎಲ್ಲ ಭಾಗಗಳನ್ನೂ ದುಡಿಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಅದನ್ನು ಬರೆಯುವ ಮಂದಿ ಇಮೇಲಿನಲ್ಲಿ ತಿಳಿಸಿದ್ದರು: ಕರ್ನಲಿನಲ್ಲಿ ಈ ಪೆಟ್ಟಿಗೆಯನ್ನು ಮಾತಾಡಿಸುವ ಕೋಡನ್ನು ಪರೀಕ್ಷಿಸುವವರೇ ಇಲ್ಲ, ಮುಂದಿನ ಆವೃತ್ತಿಯಲ್ಲಿ ಕಿತ್ತುಹಾಕುತ್ತೇವೆ. ಕಿತ್ತರೆ ಪೆಟ್ಟಿಗೆಯ ಬಾಯಿ ಬಂದ್. ಹೊಸ ದನಿಗಳನ್ನೂ ಆಪರೇಟರು ಕೇಳಿ ನೋಡಿದ್ದರು. ಒಂದೂ ಕಿವಿಗೆ ಒಗ್ಗಿರಲಿಲ್ಲ.

ಬಿಡುವಿನಲ್ಲಿ ಒಂದಿಷ್ಟು ಪ್ರೋಗ್ರಾಮಿಂಗ್ ಕಲಿತಿದ್ದ ಆಪರೇಟರು ಪಟ್ಟು ಹಿಡಿದು ಕೂತರು. ಮೂರು ವಾರ, ಕೆಲಸದಿಂದ ಬಂದ ಮೇಲೆ, ಕರ್ನಲ್ ಮಂದಿಗೆ ಕಳಿಸಲೆಂದು, ಆ ಕೋಡನ್ನು ಒರೆಗೆ ಹಚ್ಚುವ ಸಣ್ಣ ಸಣ್ಣ ಪರೀಕ್ಷೆಗಳನ್ನು ತಾವೇ ಬರೆದರು. ವೇಗ ಹೆಚ್ಚಿಸು ಎಂದರೆ ಪೆಟ್ಟಿಗೆಗೆ ಸರಿಯಾದ ಅಂಕಿ ಹೋಗುತ್ತದೆಯೇ? ದನಿ ಇಳಿಸು ಎಂದರೆ? ಒಂದೊಂದಕ್ಕೆ ಒಂದೇ ಪ್ರಶ್ನೆ. ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಓಡಿಸಿದರು. ಫಲಿತಾಂಶವನ್ನೂ ಪೆಟ್ಟಿಗೆಯೇ ಓದಬೇಕು, ತನ್ನ ಅಂಕಪಟ್ಟಿಯನ್ನು ತಾನೇ ಓದಿದ ಹಾಗೆ. ಆರರವರೆಗೆ ಓಕೆ, ಓಕೆ ಎಂದಿತು. ಆಮೇಲೆ, "ನಾಟ್ ಓಕೆ ಏಳು."

ದನಿಯನ್ನು ಮಿತಿ ಮೀರಿ ಏರಿಸಲು ಹೋದರೆ ಕೋಡು ಗರಿಷ್ಠ ಅಂಕಿಯ ಬದಲು ಸೊನ್ನೆ ಕಳಿಸುತ್ತಿತ್ತು.

"ಆರು ಮಾತ್ರ ಕಳ್ಸಿ," ಎಂದಳು ಬಟ್ಟೆ ಮಡಚುತ್ತಿದ್ದ ಹೆಂಡತಿ. "ಏಳನೇದು ನೋಡಿದ್ರೆ, ಹೇಗೂ ಕೆಟ್ಟಿದೆ ಅಂತ ಕಿತ್ತೇ ಹಾಕ್ತಾರೆ. ಬಿಟ್ರೆ ಯಾರಿಗ್ರೀ ಗೊತ್ತಾಗುತ್ತೆ?"

"ನಂಗೆ ಗೊತ್ತಲ್ಲ ಕಣೇ. ದಿನಾ ಬೆಳಿಗ್ಗೆ ಆಸ್ಪತ್ರೆ ಲೈನೆಲ್ಲಾ ಒಂದೊಂದಾಗಿ ಎತ್ತಿ ಕೇಳ್ತೀನಿ. ಸತ್ತಿರೋ ಲೈನು ಸರಿಯಿದೆ ಅಂತ ಬರೆಸಿದ್ರೆ ಆ ವಾರ್ಡಿನವರ ಗತಿ ಏನು?"

ಏಳನ್ನೂ ಕಳಿಸಿದರು. ಮೂರು ದಿನ ಊಟ ರುಚಿಸಲಿಲ್ಲ.

ನಾಲ್ಕನೆಯ ದಿನ ಉತ್ತರ ಬಂತು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈ ಹಿಡಿದು, ಪೆಟ್ಟಿಗೆಯಿಂದ ಓದಿಸಿದರು. ಏಳನೆಯದು ತೋರಿಸಿದ ತಪ್ಪು ಹನ್ನೊಂದು ವರ್ಷದಿಂದ ಯಾರ ಗಮನಕ್ಕೂ ಬಂದಿರಲಿಲ್ಲವಂತೆ, ತಿದ್ದಿದ್ದಾರಂತೆ. ತಪ್ಪು ಮುಚ್ಚಿಡದವರೊಬ್ಬರು ಸಿಕ್ಕಿರುವಾಗ ಕೋಡನ್ನು ಕೀಳುವ ಮಾತಿಲ್ಲ. ಇನ್ನು ಮೇಲೆ ಇದರ ಜವಾಬ್ದಾರಿ ಹೊರುವವರು ಎಂದು ನಿಮ್ಮ ಹೆಸರು ಹಾಕಬಹುದೇ?

ಇಷ್ಟು ವರ್ಷ ಆಪರೇಟರೇ ಬೇರೆಯವರ ಜವಾಬ್ದಾರಿಯಾಗಿದ್ದರು: ಅಮ್ಮನದು, ಅಣ್ಣನದು, ಕೇಳದೆಯೇ ತೋಳು ಹಿಡಿದು ರಸ್ತೆ ದಾಟಿಸುವ ದಾರಿಹೋಕರದು. ಅವರು ಹೆಂಡತಿಯತ್ತ ತಿರುಗಿದರು.

"ಏನಂತ ಬರೀಲೇ?"

ಹೆಂಡತಿ ಮೂಗು ಒರೆಸಿಕೊಂಡಳು. "ಹೂಂ ಅಂತ ಬರೀರಿ. ಪೂರ್ತಿ ಹೆಸರು ಹಾಕಿ, ಇನಿಶಿಯಲ್ ಸಮೇತ."