ಕೈ ಬಿಡಿಸಿಕೊಳ್ಳುವ ಎರಡು ಬಗೆ

ಕಡೂರಿನಲ್ಲಿ ನಾನು ಹೇಳಿಕೊಡುವುದು ಹಪ್ಕಿಡೊ. ಬೋರ್ಡಿನ ಮೇಲೆ ಇರುವುದು ಕರಾಟೆ. ಸುಳ್ಳು ಎಂದು ಗೊತ್ತಿದ್ದೇ ಬರೆಸಿದ್ದೇನೆ. ಮೊದಲು ಹಪ್ಕಿಡೊ ಎಂದೇ ಇತ್ತು. ನಮ್ಮ ಕಡೆಯವರ ಬಾಯಲ್ಲಿ 'ಹ'ಕಾರ ನಿಲ್ಲುವುದಿಲ್ಲ, ಹಾಗಾಗಿ ಅದು 'ಅಪ್ಕಿಡೊ' ಆಗಿ, ಆಮೇಲೆ 'ಅಪ್ಕೊಡೊ' ಆಯಿತು. ಹೆಣ್ಣುಮಕ್ಕಳಿಗೆ ಅಪ್ಪಿಕೊಳ್ಳುವುದು ಹೇಗೆಂದು ಕಲಿಸುವ ಕ್ಲಾಸಂತೆ ಎಂದು ಬಸ್ ಸ್ಟ್ಯಾಂಡಿನಲ್ಲಿ ನಕ್ಕರು. ಒಬ್ಬ ತಾಯಿ ಸೇರಿಸಲು ಬಂದವರು ಬೋರ್ಡು ಓದಿ, ಮಗಳನ್ನು ಹಾಗೇ ವಾಪಸ್ಸು ಕರೆದುಕೊಂಡು ಹೋದರು. ಮಾರನೆಯ ದಿನವೇ ಪೇಂಟರನ್ನು ಕರೆಸಿದೆ. ಕರಾಟೆ ಎಂದರೆ ಯಾರಿಗೂ ಅನುಮಾನವಿಲ್ಲ. ಬಿಳಿ ಬಟ್ಟೆ ತೊಟ್ಟು ಯಾರು ಏನು ಮಾಡಿದರೂ ಊರಿಗೆ ಅದು ಕರಾಟೆ.

ವ್ಯತ್ಯಾಸ ಕೇಳಿದವರಿಗೆ ಮಾತ್ರ ಪೂರ್ತಿ ಹೇಳದೆ ಬಿಡುವವಳಲ್ಲ ನಾನು. ಕರಾಟೆಯವರ ಮುಖ್ಯ ಕೆಲಸ ಹೊಡೆಯುವುದು ಮತ್ತು ಒದೆಯುವುದು. ಜೂಡೊದವರು ಎದುರಿನವರ ಅಂಗಿಯನ್ನೇ ಹಿಡಿದು ಎತ್ತಿ ಹಾಕುತ್ತಾರೆ. ಹಪ್ಕಿಡೊದ ಮೊದಲ ಪಾಠ ಮಣಿಕಟ್ಟಿನದು. ಯಾರೋ ನಿನ್ನ ಕೈ ಹಿಡಿದಿದ್ದಾರೆ, ಈಗ ಏನು ಮಾಡುತ್ತೀ? ಇದು ಕೊರಿಯಾದ ವಿದ್ಯೆ, ಆದರೆ ಬೇರು ಜಪಾನಿನ ಹಳೆಯ ಜುಜುತ್ಸುವಿನಲ್ಲಿದೆ. ಅದೇ ಬೇರಿನಿಂದ ಜಪಾನಿನಲ್ಲಿ ಬೆಳೆದದ್ದು ಐಕಿಡೊ. ಎರಡರ ಹೆಸರನ್ನೂ ಚೀನೀ ಲಿಪಿಯಲ್ಲಿ ಬರೆದರೆ ಅವೇ ಮೂರು ಅಕ್ಷರಗಳು. ಜಪಾನಿನವರು ಒಂದು ಥರ ಓದುತ್ತಾರೆ, ಕೊರಿಯಾದವರು ಇನ್ನೊಂದು ಥರ. ದಾಯಾದಿಗಳೆಂದ ಮೇಲೆ ಜಗಳ ಇದ್ದದ್ದೇ.

ಆ ಜಗಳ ನನ್ನ ಬಾಗಿಲಿಗೂ ಬಂತು. ನನ್ನ ಕ್ಲಾಸು ಒಂದು ಕೊಬ್ಬರಿ ಮಂಡಿಯ ಮೇಲಿನ ಹಾಲಿನಲ್ಲಿ. ಎಮ್ಮೆದೊಡ್ಡಿಯ ಕಡೆಗೆ ಹೊಸದಾಗಿ ಬಂದಿದ್ದ ದನದ ಡಾಕ್ಟರೊಬ್ಬ ಒಂದು ಸಂಜೆ ಮೆಟ್ಟಿಲು ಹತ್ತಿ ಬಂದು, ಸ್ವಲ್ಪ ಹೊತ್ತು ನೋಡಿ, "ಇದು ಕರಾಟೆ ಅಲ್ವಲ್ರೀ" ಎಂದ. ಹಾಗೆಂದವರಲ್ಲಿ ಅವನೇ ಮೊದಲಿಗ. ಅವನು ನನಗೆ ಹಿಡಿಸಿದ್ದು ಆ ಮಾತಿಗೇ ಇರಬೇಕು. ಓದುವ ಕಾಲದಲ್ಲಿ ಬೆಂಗಳೂರಿನಲ್ಲಿ ಐಕಿಡೊ ಕಲಿತಿದ್ದನಂತೆ. ಭಾನುವಾರಗಳಂದು ಬರತೊಡಗಿದ. ಬಂದದ್ದು ಕಲಿಯಲಿಕ್ಕಲ್ಲ, ವಾದ ಮಾಡಲಿಕ್ಕೆ.

ಅವನ ಕೈ ಹಿಡಿದರೆ ಅವನು ಕೊಸರುವುದಿಲ್ಲ. ನಾವು ಎತ್ತ ಎಳೆದೆವೋ ಅತ್ತಲೇ ಬಂದು, ಪಕ್ಕಕ್ಕೆ ತಿರುಗಿ, ದೊಡ್ಡದೊಂದು ಸುತ್ತು ಹಾಕಿಸಿ, ನಮ್ಮ ರಭಸದಲ್ಲೇ ನಮ್ಮನ್ನು ಉರುಳಿಸುತ್ತಾನೆ. ಎದ್ದು ನೋಡಿಕೊಂಡರೆ ಮೈಗೆ ಏನೂ ಆಗಿರುವುದಿಲ್ಲ, ಕೋಪ ಮಾತ್ರ ಬಂದಿರುತ್ತದೆ. ನನ್ನ ಸುತ್ತು ಒಂದು ಬಳೆಯಷ್ಟು. ಹಿಡಿದವರ ಹೆಬ್ಬೆರಳಿನ ಸಂದಿಯ ಕಡೆಗೆ ಮಣಿಕಟ್ಟು ತಿರುಗಿಸಿ ಬಿಡಿಸಿಕೊಂಡು, ಅವರ ಕೀಲನ್ನು ಒತ್ತಿದರೆ ಅವರ ಮಂಡಿ ನೆಲಕ್ಕೆ. ಬೇಕಾದರೆ ಮೇಲೊಂದು ಒದೆತ. ಅವನು ಕಲಿತದ್ದರಲ್ಲಿ ಒದೆತವೇ ಇಲ್ಲ. ನಿಮ್ಮದು ಬರೀ ಕುಣಿತ ಎಂದು ರೇಗಿಸುತ್ತಿದ್ದೆ. ಅಮೃತಮಹಲ್ ಹೋರಿಯನ್ನು ಎದುರು ನಿಂತು ತಡೆದವರು ಯಾರಿದ್ದಾರೆ, ಜೊತೆಗೇ ಓಡಿ ಪಕ್ಕಕ್ಕೆ ತಿರುಗಿಸಬೇಕು ಎನ್ನುತ್ತಿದ್ದ. ನನ್ನ ಹುಡುಗಿಯರ ಕೈ ಹಿಡಿಯುವವನು ಹೋರಿಯಲ್ಲ, ಅವನಿಗೆ ನೋಯಲೇಬೇಕು ಎನ್ನುತ್ತಿದ್ದೆ ನಾನು.

ಹೀಗೆ ವಾದ ಮಾಡುತ್ತಲೇ ಇಬ್ಬರೂ ಮದುವೆಗೆ ಮನಸ್ಸು ಮಾಡಿದೆವು. ಅವನ ಮನೆ ಅಜ್ಜಂಪುರದ ಹತ್ತಿರದ ಹಳ್ಳಿಯಲ್ಲಿ. ನಮ್ಮ ಮನೆಯವರೆಲ್ಲ ಹೋಗಿ ಜಗಲಿಯಲ್ಲಿ ಕೂತೆವು. ಅವನ ತಂದೆ ಎಲೆಯಡಿಕೆ ಜಗಿಯುತ್ತ ಕೂತಿದ್ದರು. ಅವನ ತಾಯಿ ಒಮ್ಮೆ ಗಂಡನ ಮುಖ ನೋಡಿ, ಆಮೇಲೆ ನನ್ನ ಕಡೆ ತಿರುಗಿ, "ಮದ್ವೆ ಆದ್ಮೇಲೆ ಕ್ಲಾಸು ಬಿಟ್ಬಿಡ್ಬೇಕು ಕಣಮ್ಮ. ನಮ್ಮ ಯಜಮಾನ್ರಿಗೆ ಅದೆಲ್ಲ ಸರಿಬರಕ್ಕಿಲ್ಲ" ಎಂದರು.

ನಾನು ಅವನತ್ತ ನೋಡಿದೆ. ಅವನು "ಹೂಂ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ನೀರು ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋದೆ, ಅವನೂ ಹಿಂದೆಯೇ ಬಂದ. ಇದೇನಾ ನಿಮ್ಮ ಐಕಿಡೊ, ಎಳೆದ ಕಡೆಗೆ ಹೂಂ ಎಂದುಕೊಂಡು ಹೋಗುವುದು ಎಂದು ಕೇಳಿದೆ. ಎದುರು ಬಿದ್ದರೆ ಅಪ್ಪ ಇನ್ನೂ ಬಿಗಿಯಾಗುತ್ತಾರೆ, ಸ್ವಲ್ಪ ತಾಳಿ ಎಂದ. ನನಗೆ ಬೇಕಾಗಿದ್ದದ್ದು ತಾಳ್ಮೆಯಲ್ಲ, ಅವನ ಬಾಯಿಂದ ಒಂದೇ ಒಂದು 'ಇಲ್ಲ'. ಅದು ಬರಲಿಲ್ಲ. ಮನೆಗೆ ಬಂದು ಯೋಚಿಸಿದೆ. ಅವನು ಬೇಕಿತ್ತು, ಕ್ಲಾಸೂ ಬೇಕಿತ್ತು. ಒಂದನ್ನು ಬಿಡಲೇಬೇಕೆಂದರೆ ಅವನನ್ನು ಬಿಡುವುದು ಎಂದು ಮನಸ್ಸು ಗಟ್ಟಿಮಾಡಿಕೊಂಡೆ. ಬಚ್ಚಲಲ್ಲಿ ಕೂತು ಬಿಕ್ಕಿದ್ದೂ ನಿಜ. ಭಾನುವಾರ ಬಂದರೆ ಮುಖದ ಮೇಲೆ ಹೇಳಿಬಿಡುವುದೆಂದು ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ.

ಭಾನುವಾರ ಅವನು ಒಬ್ಬನೇ ಬರಲಿಲ್ಲ, ತಾಯಿಯನ್ನು ಕರೆದುಕೊಂಡು ಬಂದ. ಕ್ಲಾಸು ಬಿಡಿಸುವುದೇನೋ ಸರಿ ಅವ್ವ, ಬಿಡಿಸುವ ಮೊದಲು ಅದೇನೆಂದು ನೀನೇ ಒಂದು ಸಲ ನೋಡಬೇಡವೇ ಎಂದನಂತೆ. ಅವರು ಎಳೆದ ಕಡೆಗೇ ಹೋಗಿ ಅಜ್ಜಂಪುರದಿಂದ ಕಡೂರಿನವರೆಗೆ ಸುತ್ತು ಹಾಕಿಸಿದ್ದ. ಜೋಡಿಸಿಟ್ಟ ಮಾತುಗಳನ್ನು ನುಂಗಿಕೊಂಡು ಅವರಿಗೆ ಕುರ್ಚಿ ಹಾಕಿದೆ.

ಅವರು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹುಡುಗಿಯರನ್ನೇ ನೋಡುತ್ತ ಕೂತರು. ಯಾರಾದರೂ ದೊಪ್ಪನೆ ಬಿದ್ದಾಗ 'ಅಯ್ಯೋ' ಎನ್ನುತ್ತಿದ್ದರು. ಹುಡುಗಿಯರೆಲ್ಲ ಮನೆಗೆ ಹೋದ ಮೇಲೆ, ಮಗ ಕಲಿತದ್ದಕ್ಕೂ ನಾನು ಕಲಿಸುವುದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರು. ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಸುಲಭ ಎನಿಸಿತು. ನಾನು ಅವನ ಮಣಿಕಟ್ಟು ಹಿಡಿದೆ. ಅವನು ನನ್ನ ಜೊತೆಗೇ ಬಂದು ಸುತ್ತಿಸಿ ಉರುಳಿಸಿದ. ಆಮೇಲೆ ಅವನು ನನ್ನ ಕೈ ಹಿಡಿದ. ವಾರದ ಕೋಪವೂ ಸೇರಿಕೊಂಡು ಸ್ವಲ್ಪ ಜೋರಾಗಿಯೇ ಒತ್ತಿದೆನೆಂದು ಕಾಣುತ್ತದೆ, ಅವನು ಮಂಡಿಯೂರಿ, ಸಾಕು ಬಿಡು ಎನ್ನುವಂತೆ ಚಾಪೆ ತಟ್ಟಿದ. ಮಗ ಮುಖ ಕಿವುಚಿಕೊಂಡದ್ದನ್ನು ಕಂಡು ಇನ್ನು ಕ್ಲಾಸಿನ ಕಥೆ ಮುಗಿಯಿತು ಎಂದುಕೊಂಡೆ.

ಅವರು ಬ್ಯಾಗನ್ನು ಕುರ್ಚಿಯ ಮೇಲಿಟ್ಟು ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಾಪೆಯ ಮೇಲೆ ಬಂದು ನನ್ನೆದುರು ಕೈ ಚಾಚಿದರು.

"ನಂಗೆ ನಿಂದು ಹೇಳ್ಕೊಡು."

ಮೊದಲಿಗೆ ಸುಲಭವಾದದ್ದು ಅವರ ಮಗನದು, ಅದರಿಂದ ಶುರು ಮಾಡೋಣ ಎಂದೆ.

"ಅವಂದು ನಂಗೆ ಗೊತ್ತು ಕಣೇ. ಮದ್ವೆಯಾಗಿ ಆ ಮನೆಗೆ ಬಂದಾಗ್ಲಿಂದ ಅದನ್ನೇ ಮಾಡ್ಕೊಂಡ್ ಬಂದಿದ್ದೀನಿ. ನಿಂದು ಹೇಳ್ಕೊಡು."

ಅವನು ಚಾಪೆಯ ಮೇಲೆ ಕೂತಲ್ಲೇ ತಲೆ ತಗ್ಗಿಸಿದ. ನಾನು ಅವರ ಬಳೆಗಳನ್ನು ಮೇಲಕ್ಕೆ ಸರಿಸಿ ಮಣಿಕಟ್ಟು ಹಿಡಿದೆ. ಎಲ್ಲರೂ ಮಾಡುವಂತೆ ಅವರೂ ಮೊದಲು ಹಿಂದಕ್ಕೆ ಎಳೆದುಕೊಂಡರು, ಕೈ ಬರಲಿಲ್ಲ. ಹೆಬ್ಬೆರಳಿನ ಕಡೆಗೆ ತಿರುಗಿಸಿ ಎಂದೆ. ತಿರುಗಿಸಿದರು, ಬಿಟ್ಟುಕೊಂಡಿತು. ತಮ್ಮ ಕೈಯನ್ನು ತಾವೇ ಒಂದು ಗಳಿಗೆ ನೋಡಿಕೊಂಡು, ಇನ್ನೊಂದು ಸಲ ಹಿಡಿ, ಗಟ್ಟಿಯಾಗಿ ಹಿಡಿ ಎಂದರು. ಬಸ್ಸಿನ ಹೊತ್ತಾಗುವವರೆಗೂ ಹಿಡಿಸಿಕೊಂಡರು, ಬಿಡಿಸಿಕೊಂಡರು.

ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಮಗನಿಗೆ ಹೇಳಿದರು, "ಕ್ಲಾಸು ಬಿಡ್ಸೋದು ಆಗಕ್ಕಿಲ್ಲ ಅಂತ ಯಜಮಾನ್ರಿಗೆ ನಾನೇ ಹೇಳ್ತೀನಿ. ನೀನು ಮಧ್ಯ ಬಾಯಿ ಹಾಕ್ಬೇಡ."

ಅವನು "ಹೂಂ" ಎಂದ. ಆ ಹೂಂ ಕೇಳಿ ನನಗೆ ಕೋಪ ಬರಲಿಲ್ಲ.