ಕೊಸರಿನ ಕೋಲು

ಆ ಕೋಲನ್ನು ಚೀಲದಲ್ಲಿ ಇಟ್ಟವಳು ನಾನೇ ಎಂದು ನನ್ನ ತಮ್ಮನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವನು ಫೋನಿನಲ್ಲಿ ನೇರವಾಗಿಯೇ ಕೇಳಿದ್ದ. ನಾನು ಇನ್ನೊಬ್ಬರ ಮೇಲೆ ಹಾಕಿದೆ. ಒಂದು ವರ್ಷ ಹಾಗೆಯೇ ಬಿಟ್ಟೆ.

ನಾನು ಓದಿದ್ದು ಐದನೆಯ ತರಗತಿಯವರೆಗೆ. ಅದನ್ನು ನೆಪ ಮಾಡುವುದಿಲ್ಲ. ಸುಳ್ಳು ಹೇಳಬಾರದು ಎಂದು ಕಲಿಯಲು ಐದು ವರ್ಷ ಸಾಕು.

ನಮ್ಮವ್ವ ಅಫಜಲಪುರದ ಸಂತೆಯಲ್ಲಿ ಕಾಯಿಪಲ್ಯ ಮಾರುತ್ತಿದ್ದಳು. ತೂಗಿ ಕೊಟ್ಟ ಮೇಲೆ ಇನ್ನೊಂದು ಬದನೆಕಾಯಿ, ಇಲ್ಲವೇ ನಾಲ್ಕು ಮೆಣಸಿನಕಾಯಿ ಗಿರಾಕಿಯ ಚೀಲಕ್ಕೆ ಹಾಕದೆ ಯಾರನ್ನೂ ಕಳಿಸಿದವಳಲ್ಲ. ಅದು ಕೊಸರು. ‘ಕೊಸರಿಲ್ಲದೆ ಕೊಟ್ಟರ ಕೊಟ್ಟಂಗಲ್ಲ’ ಎನ್ನುತ್ತಿದ್ದಳು. ನನಗೆ ಮಗ್ಗಿಗಿಂತ ಮೊದಲು ಬಂದ ಲೆಕ್ಕ ಅದು.

ತಮ್ಮ ಹದಿನಾರಕ್ಕೆ ಹೈದರಾಬಾದಿಗೆ ಹೋದ. ಕೊಳಕೂರಿನ ಕಾಕಾ ಒಬ್ಬರು ಅಲ್ಲಿಯ ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುತ್ತಿದ್ದರು. ಸಂಬಂಧಿಕರಲ್ಲ, ನಮ್ಮ ಕಡೆಯವರು ಅಷ್ಟೇ. ಅವರು ತಮ್ಮನನ್ನು ಹುಲ್ಲು ಕತ್ತರಿಸುವ ಕೆಲಸಕ್ಕೆ ಸೇರಿಸಿದರು. ಯಾರೋ ಬಿಸಾಡಿದ ಒಂದು ಕೋಲನ್ನು ಅವನ ಎತ್ತರಕ್ಕೆ ಕತ್ತರಿಸಿ ಕೈಗೆ ಕೊಟ್ಟು ಆಟ ಕಲಿಸಿದರು. ಅವನು ಚೀಲ ಹೊತ್ತ, ಆಮೇಲೆ ಆಟಗಾರನಾದ. ಆಗ ಅವನ ಚೀಲವನ್ನು ಕಾಕಾ ಹೊರತೊಡಗಿದರು.

ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಶಾಲೆಯ ಚೀಲಗಳಿಗೆ ಹೊಲಿಗೆ ಹಾಕುತ್ತಿದ್ದೆ. ತಮ್ಮ ಒಮ್ಮೆ ಹರಿದ ಗಾಲ್ಫ್ ಚೀಲ ತಂದ, ಜಿಪ್ಪು ಬದಲಿಸಿಕೊಟ್ಟೆ. ನಂತರ ಹಳೆಯ ಕೋಲುಗಳು ಬಸ್ಸಿನಲ್ಲಿ ಬರತೊಡಗಿದವು. ಅವುಗಳ ಹಿಡಿಕೆಯ ರಬ್ಬರು ಬದಲಿಸುವುದು, ತಲೆ ತಿಕ್ಕಿ ಹೊಳಪು ಮಾಡುವುದು, ಕೌದಿ ಬಟ್ಟೆಯಲ್ಲಿ ತಲೆಗೆ ಟೊಪ್ಪಿಗೆ ಹೊಲಿಯುವುದು, ಫೋಟೊ ಹಾಕಿ ಮಾರುವುದು ಎಲ್ಲ ಕಲಿತೆ. ಸಂತೆಗೆ ಬಂದವರು ಅಂಗಡಿಯ ಮುಂದೆ ನಿಂತು ನಗುತ್ತಿದ್ದರು.

“ಊರಾಗ ಹಸರ ಹುಲ್ಲ ಕಾಣಂಗಿಲ್ಲ, ಈಕಿ ಗಾಲ್ಫಿನ ಸಾಮಾನ ಮಾರ್ತಾಳ.”

ಆಳಂದದಿಂದ ಬಂದ ಒಬ್ಬ ಕೇಳಿದ: “ಅಕ್ಕಾರ, ಇದರಾಗ ನಾಯಿ ಹೊಡಿಯಾಕ ಯಾವುದು ಛಲೋ ಅದರಿ?”

“ನಾಯಿಗೆ ಏಳನೇ ನಂಬರು. ಹೆಚ್ಚಿಗಿ ಮಾತಾಡೋರಿಗೆ ಒಂಬತ್ತನೇದು. ಯಾವುದು ಕೊಡ್ಲಿ?”

ಅವನು ಒಂದನ್ನೂ ಕೊಳ್ಳಲಿಲ್ಲ. ನನ್ನ ಅಂಗಡಿ ಮಾತ್ರ ನಡೆಯಿತು.

ದೊಡ್ಡ ಪಂದ್ಯಗಳಲ್ಲಿ ವರ್ಷವಿಡೀ ಆಡಲು ಪರವಾನಗಿ ಬೇಕು. ಅದಕ್ಕಾಗಿ ನಾಲ್ಕು ದಿನದ ಆಯ್ಕೆಯ ಆಟ ಇರುತ್ತದೆ. ತಮ್ಮ ಅದರಲ್ಲಿ ಆರು ಸಲ ಸೋತಿದ್ದ. ಏಳನೆಯ ಸಲಕ್ಕೆ ಮುಂಚೆ ಚೀಲವನ್ನು ನನ್ನಲ್ಲಿಗೆ ರಿಪೇರಿಗೆ ಕಳಿಸಿದ. ಜೊತೆಗೆ ಕಾಕಾ ಮೊದಲು ಕತ್ತರಿಸಿಕೊಟ್ಟಿದ್ದ ಆ ಗಿಡ್ಡ ಕೋಲೂ ಇತ್ತು. “ಇದಕ್ಕ ಹೊಸ ರಬ್ಬರ ಹಾಕಿ ಇಟ್ಕೋ ಅಕ್ಕಾ. ಗೆದ್ದ ಮ್ಯಾಲೆ ಕಾಕಾಗ ಕೊಡ್ತೇನಿ” ಎಂದಿದ್ದ.

ಚೀಲದಲ್ಲಿ ಕೋಲುಗಳನ್ನು ಜೋಡಿಸಿ ಎಣಿಸಿದೆ. ಹದಿನಾಲ್ಕು. ಡಜನ್ ಎಂದರೆ ಹನ್ನೆರಡು ಇದ್ದ ಹಾಗೆ, ಗಾಲ್ಫಿನ ಒಂದು ಸೆಟ್ಟಿಗೆ ಹದಿನಾಲ್ಕು ಎಂದೇ ನಾನು ತಿಳಿದಿದ್ದೆ. ಸೆಟ್ಟು ಪೂರ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಗಿಡ್ಡ ಕೋಲನ್ನು ರೇನ್‌ಕೋಟಿನಲ್ಲಿ ಸುತ್ತಿ, ಪಕ್ಕದ ಉದ್ದ ಜೇಬಿಗೆ ಸೇರಿಸಿ, ಹೊಸ ಜಿಪ್ಪು ಎಳೆದೆ. ಏಳನೆಯ ಸಲ ಹೊರಟವನಿಗೆ ಅಕ್ಕನ ಕೊಸರು. ಚೀಲ ಒಯ್ಯಲು ಕಾಕಾನೇ ಬಂದಿದ್ದರು. ಮೇಲಿನ ತಲೆಗಳನ್ನು ಎಣಿಸಿ ಹೊತ್ತುಕೊಂಡು ಹೋದರು. ಜೇಬಿನ ಮಾತು ನಾನು ಎತ್ತಲಿಲ್ಲ. ಕೊಸರನ್ನು ಯಾರಾದರೂ ಹೇಳಿ ಕೊಡುತ್ತಾರೆಯೇ?

ಆಟದ ಮೊದಲ ದಿನ ಎರಡು ಕುಳಿ ಮುಗಿದ ಮೇಲೆ ಹನಿ ಬಿತ್ತು. ತಮ್ಮ ರೇನ್‌ಕೋಟು ಎಳೆದ. ಕೋಲು ಹುಲ್ಲಿನ ಮೇಲೆ ಬಿತ್ತು. ಹದಿನಾಲ್ಕಕ್ಕಿಂತ ಹೆಚ್ಚು ಒಯ್ಯಬಾರದಂತೆ. ಅದರಿಂದ ಒಂದೂ ಚೆಂಡು ಹೊಡೆಯದಿದ್ದರೂ ತಪ್ಪಂತೆ. ಆಡಿದ ಒಂದೊಂದು ಕುಳಿಗೆ ಎರಡರಂತೆ ನಾಲ್ಕು ಹೊಡೆತದ ದಂಡ. ತಮ್ಮ ತಾನೇ ಪಂಚರ ಬಳಿ ಹೋಗಿ ಹೇಳಿದ. ಆ ಆಟದಲ್ಲಿ ತನ್ನ ತಪ್ಪನ್ನು ತಾನೇ ಹೇಳಬೇಕು.

ಈ ನಿಯಮ ಬರೆದವರು ಒಮ್ಮೆಯೂ ನಮ್ಮವ್ವನ ಹತ್ತಿರ ಬದನೆಕಾಯಿ ಕೊಂಡಿರಲಿಕ್ಕಿಲ್ಲ.

ಅಂದೇ ಸಂಜೆ ಫೋನು ಬಂತು. “ಅಕ್ಕಾ, ಗಿಡ್ಡ ಕೋಲು ನಿನ್ನ ಹತ್ರ ಇತ್ತಲ್ಲ? ನೀ ಇಟ್ಟಿದ್ದೇನು?”

ಸಾಮಾನು ಮಾರುವವಳಿಗೇ ಸಾಮಾನಿನ ನಿಯಮ ಗೊತ್ತಿಲ್ಲ ಎಂದು ಊರು ನಗುವುದು ಕಣ್ಣಿಗೆ ಕಟ್ಟಿತು. “ನಾ ಯಾಕ ಇಡ್ಲಿ? ಕಾಕಾನ ಕೈಯಾಗ ಕೊಟ್ಟಿದ್ದೆ. ಅವರೇ ಹಾಕ್ಯಾರೇನೋ, ವಯಸ್ಸಾಗ್ಯದ” ಎಂದೆ.

ನಾಲ್ಕನೆಯ ದಿನ ಎರಡು ಹೊಡೆತದಿಂದ ಪರವಾನಗಿ ತಪ್ಪಿತು. ತಮ್ಮ ಕಾಕಾನನ್ನು ಬಿಟ್ಟ. ಬೇರೆಯವರೂ ಅವರಿಗೆ ಚೀಲ ಕೊಡಲಿಲ್ಲ. ಅವರು ಕೊಳಕೂರಿಗೆ ಮರಳಿದರು. ಗಿಡ್ಡ ಕೋಲು ಹಳೆಯ ಸಾಮಾನಿನ ಜೊತೆ ಬಸ್ಸಿನಲ್ಲಿ ನನ್ನ ಅಂಗಡಿಗೆ ಬಂತು. ನಾನು ಅದನ್ನು ಹೊಲಿಗೆ ಯಂತ್ರದ ಹಿಂದೆ ತಳ್ಳಿದೆ.

ಅಂದಿನಿಂದ ನಿಯಮಗಳನ್ನೆಲ್ಲ ಓದಿಸಿ ಕೇಳಿಸಿಕೊಂಡಿದ್ದೇನೆ. ಯಾವ ಕೋಲಿನ ಮುಖದ ಗೀರು ಆಟಕ್ಕೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಕೇಳಿ ನೋಡಿ, ಹೇಳುತ್ತೇನೆ. ಕೊಸರು ಕೊಡುವುದನ್ನು ಮಾತ್ರ ಬಿಟ್ಟಿಲ್ಲ. ಈಗ ಚೆಂಡಿನ ಕೆಳಗೆ ಊರುವ ಕಟ್ಟಿಗೆಯ ಗೂಟಗಳನ್ನು ಒಂದು ಹಿಡಿ ಹಾಕುತ್ತೇನೆ. ಅವುಗಳಿಗೆ ಲೆಕ್ಕವಿಲ್ಲ.

ಈ ವರ್ಷ ಮತ್ತೆ ಆಯ್ಕೆಯ ಆಟ ಹತ್ತಿರ ಬಂತು. ತಮ್ಮ ಫೋನಿನಲ್ಲಿ ನಗುತ್ತ ಹೇಳಿದ: “ಚೀಲ ಹೊರೋ ಹೊಸ ಮನಷ್ಯಾ ಕೋಲು ಮೂರು ಸಲ ಎಣಸ್ತಾನ ಅಕ್ಕಾ. ಇಲ್ಲಿ ಲೆಕ್ಕ ತಪ್ಪಿದ್ರ ಈಗ ‘ಕಾಕಾನ ಲೆಕ್ಕ’ ಅಂತಾರ.”

ನನ್ನ ತಪ್ಪಿಗೆ ಆ ಮನುಷ್ಯನ ಹೆಸರು ಅಂಟಿಕೊಂಡಿತ್ತು. ಮರುದಿನ ಅಂಗಡಿ ಮುಚ್ಚಿ, ಗಿಡ್ಡ ಕೋಲು ತೆಗೆದುಕೊಂಡು ಜೇವರ್ಗಿ ಬಸ್ಸು ಹತ್ತಿದೆ. ಅಲ್ಲಿಂದ ಕೊಳಕೂರಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದರು. ಕೋಲನ್ನು ಅವರ ಮುಂದಿಟ್ಟೆ.

“ಇದನ್ನ ಚೀಲದಾಗ ಇಟ್ಟಾಕಿ ನಾನ್ರಿ ಕಾಕಾ.”

“ಗೊತ್ತದ ಯವ್ವಾ,” ಎಂದರು ಮೊರದಿಂದ ಕಣ್ಣೆತ್ತದೆ. “ರೇನ್‌ಕೋಟು ಅಷ್ಟು ನೀಟ ಮಡಚೋದು ನಮ್ಮಂಥ ಗಂಡಸರ ಕೈಲೆ ಆಗಂಗಿಲ್ಲ.”

“ಮತ್ತ ಯಾಕ ಹೇಳಲಿಲ್ರಿ?”

“ನಾ ಇಟ್ಟಿಲ್ಲ ಅಂತ ಒಮ್ಮೆ ಹೇಳಿದೆ. ಅವಾ ನಂಬಲಿಲ್ಲ. ಎರಡನೇ ಸಲ ಹೇಳಿದ್ರ ನಿನ್ನ ಹೆಸರ ತೆಗಿಬೇಕಾಗ್ತಿತ್ತು. ಅಕ್ಕ-ತಮ್ಮನ ನಡುವ ನಾ ಯಾಕ ಬರ್ಲಿ?”

ಅವರು ಬೈದಿದ್ದರೆ ನಾನೂ ಎದುರಾಡುತ್ತಿದ್ದೆ. ಅದಕ್ಕೆ ಸಿದ್ಧಳಾಗಿಯೇ ಬಂದಿದ್ದೆ. ಅವರು ತೊಗರಿ ಕೇರಿದರು.

ಕಟ್ಟೆಯ ಮೇಲೆಯೇ ಕುಳಿತು ತಮ್ಮನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ.

“ಅಕ್ಕಾ, ಮೈದಾನದಾಗ ಇದ್ದೇನಿ, ಆಮ್ಯಾಲೆ ಮಾತಾಡ್ತೇನಿ.”

“ಈಗೇ ಕೇಳು. ಕಾಕಾನ ಮುಂದ ಕುಂತೇನಿ. ಆ ಕೋಲು ನಾನೇ ಇಟ್ಟಿದ್ದೆ. ಕೊಸರು ಅಂತ ಇಟ್ಟೆ, ಇಟ್ಟಿದ್ದಕ್ಕ ನನಗ ನಾಚಿಕಿ ಇಲ್ಲ. ನೀ ಕೇಳಿದಾಗ ಕಾಕಾನ ಮ್ಯಾಲೆ ಹಾಕಿದೆ, ಅದು ನನ್ನ ತಪ್ಪು. ಒಂದು ವರ್ಷ ಸುಮ್ಮ ಕುಂತೆ, ಅದೂ ನನ್ನದೇ. ಕಾಕಾ, ತಪ್ಪಾತ್ರಿ. ತಮ್ಮಾ, ನಿನ್ನ ಮುಂದೂ ತಪ್ಪಾತು.”