ಬಳೆ ತೆಗೆಸಿದ ಫೋಟೊ

ಸತ್ತವರೇ ಬಾಗಿಲು ತೆರೆದು ‘ಬರ್ರಿ, ಕುಂದ್ರಿ’ ಅಂದರೆ ನೀವೇನು ಮಾಡುತ್ತೀರಿ?

ಹೋದ ಭಾನುವಾರ ಮಹಾರಾಷ್ಟ್ರದ ಗಡಿಯ ಜತ್ತ ತಾಲ್ಲೂಕಿನ ಸನಮಡಿಯಲ್ಲಿ ನನಗೂ ಗೆಳತಿ ಮಾಧುರಿಗೂ ಹೀಗೇ ಆಯಿತು.

ಮಾಧುರಿ ಜತ್ತದವಳೇ. ಈಗ ಪುಣೆಯಲ್ಲಿದ್ದಾಳೆ. ಹಳೆಯ ಸೀರೆಗಳಿಂದ ಕೌದಿ ಹೊಲಿಗೆಯ ಜಾಕೆಟ್ ಮಾಡಿಸಿ ಆನ್‌ಲೈನಿನಲ್ಲಿ ಮಾರುವ ಕಂಪನಿಯೊಂದರಿಂದ ಜಾಕೆಟ್ ತರಿಸಿಕೊಂಡಿದ್ದಳು. ಪ್ರತಿ ಬಟ್ಟೆಗೂ ವೆಬ್‌ಸೈಟಿನಲ್ಲಿ ಒಂದು ಪುಟ. ಹೊಲಿದವರ ಹೆಸರು, ಊರು, ಫೋಟೊ, ಕಥೆ. ಗಿರಾಕಿಗೂ ಕೈಕೆಲಸದವರಿಗೂ ನಂಟು ಬೆಳೆಯಲಿ ಅಂತ. (ಒಳ್ಳೆಯ ಐಡಿಯಾ. ಈಗಲೂ ಹಾಗೇ ಅನ್ನುತ್ತೇನೆ.)

ಇವಳ ಜಾಕೆಟ್ ಹೊಲಿದವರು ಸನಮಡಿಯ ಹುಸೇನಬಿ. ಗಂಡ ತೀರಿಕೊಂಡ ಮೇಲೆ ಸೂಜಿಯೊಂದೇ ಆಸರೆಯಂತೆ. ಅದನ್ನು ಓದಿ ಮಾಧುರಿ ಅತ್ತಿದ್ದಳು. ಊರಿಗೆ ಬಂದವಳೇ ‘ಅವರನ್ನ ಒಮ್ಮಿ ನೋಡಬೇಕು’ ಎಂದು ಹಟ ಹಿಡಿದಳು. ಹೋದೆವು.

ಬಾಗಿಲು ತೆರೆದವರು ಬಿಳಿ ಗಡ್ಡದ ಹಿರಿಯರು.

‘ಹುಸೇನಬಿಯವರ ಮನಿ ಇದ ಏನ್ರಿ?’

‘ಹೌದ್ರಿ. ಬರ್ರಿ, ಕುಂದ್ರಿ. ಅಕಿ ಒಳಗ ಅದಾಳ.’

‘ನೀವು?’

‘ನಾ ದಸ್ತಗೀರ. ಅಕಿ ಗಂಡ್ರಿ.’

ಮಾಧುರಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

ಹುಸೇನಬಿ ಚಹಾ ತಂದರು. ಕೈತುಂಬ ಹಸಿರು ಬಳೆ. ಮಾಧುರಿ ತೊಟ್ಟಿದ್ದ ಜಾಕೆಟ್ ಕಂಡು ಅವರ ಮುಖ ಅರಳಿತು. ‘ಇದು ನಮ್ಮದ! ಇವರು ಜತ್ತದಾಗ ಟೇಲರ್ ಇದ್ರು. ತುಂಡು ಕತ್ತರಿಸಿ ಜೋಡಿಸೋರು ಇವರ. ಕತ್ತರಿ ಇವರ್ದು, ಸೂಜಿ ನಂದು.’

ಅಂದರೆ, ‘ತೀರಿಕೊಂಡ’ ಮನುಷ್ಯ ಕತ್ತರಿಸಿದ ಬಟ್ಟೆಯನ್ನೇ ಮಾಧುರಿ ತೊಟ್ಟು ಕುಳಿತಿದ್ದಳು!

ತಡೆಯಲಾಗಲಿಲ್ಲ. ಫೋನ್ ತೆಗೆದು ಆ ಪುಟವನ್ನು ಕನ್ನಡದಲ್ಲಿ ಓದಿ ಹೇಳಿಬಿಟ್ಟೆ. ದಸ್ತಗೀರಸಾಬರ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ನಿಂತಿತು. ‘ನಾ ಸತ್ತಿದ್ದು ನನಗ ಯಾರೂ ಹೇಳಲಿಲ್ಲ ನೋಡ್ರಿ’ ಎಂದು ನಗಲು ಹೋದರು. ನಗು ಬರಲಿಲ್ಲ.

ಹುಸೇನಬಿ ಮಾತ್ರ ಫೋಟೊವನ್ನೇ ದಿಟ್ಟಿಸುತ್ತಿದ್ದರು. ಸೂಜಿ ಹಿಡಿದ ಎರಡು ಕೈ. ಬೋಳು ಮಣಿಕಟ್ಟು.

‘ಫೋಟೊ ತೆಗ್ಯಾಕ ಬಂದ ಹುಡುಗಿ ಬಳಿ ತೆಗೀರಿ ಅಂದ್ಳು. ಬೆಳಕಿಗಿ ಹೊಳಿತಾವು, ಫೋಟೊ ಚಲೋ ಬರಂಗಿಲ್ಲ ಅಂತ. ಇವರು ಬಾಜೂ ಖೋಲ್ಯಾಗ ಬಟ್ಟಿ ಕತ್ತರಸಾಕತ್ತಿದ್ರು, ನಾ ಖುಷೀಲೆ ತೆಗದು ಇಟ್ಟೆ. ಯಾ ಅಲ್ಲಾ, ನನ್ನ ಕೈಯಾರೆ ನಾನ...’

ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡರು.

ಸುಳ್ಳು ಬರೆಯುವುದು ಒಂದು. ಗಂಡ ಪಕ್ಕದ ಕೋಣೆಯಲ್ಲಿ ಬಟ್ಟೆ ಕತ್ತರಿಸುತ್ತಿರುವಾಗ ಹೆಂಡತಿಯ ಬಳೆ ತೆಗೆಸುವುದು? ಇದಕ್ಕೆ ಏನೆಂದು ಹೆಸರಿಡುವುದು?

ಅಲ್ಲಿಂದಲೇ ಸ್ಪೀಕರ್ ಹಾಕಿ ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಯುವತಿಗೆ ಗಾಬರಿಯೇ ಇಲ್ಲ. ಮರಾಠಿಯಲ್ಲಿ ತಣ್ಣಗೆ ಹೇಳಿದಳು: ‘ಅದು ಸ್ಟೋರಿ ಅಷ್ಟೇ ಮೇಡಂ. ಕಸ್ಟಮರ್ ಕನೆಕ್ಟ್ ಆಗಬೇಕಲ್ಲ?’

ನಾನಿನ್ನೂ ಬಾಯಿ ತೆರೆದಿರಲಿಲ್ಲ. ಹುಸೇನಬಿ ಫೋನಿನತ್ತ ಬಾಗಿ ಅವಳ ಮರಾಠಿಗೆ ತಮ್ಮ ಕನ್ನಡದಲ್ಲೇ ಉತ್ತರ ಕೊಟ್ಟರು. ‘ತಂಗಿ, ಮೊದಲ ನನ್ನ ಗಂಡನ ಹೆಸರು ಹಾಕು. ಅಲ್ಲೀತನಕ ಒಂದ ಹೊಲಿಗೀನೂ ಹಾಕಂಗಿಲ್ಲ.’

ಆ ಮಾತನ್ನು ಮರಾಠಿಯಲ್ಲಿ ಹೇಳಿ ಫೋನಿಟ್ಟೆ. ಬುಧವಾರ ಪುಟ ಬದಲಾಯಿತು. ಈಗ ಅಲ್ಲಿ ಇಬ್ಬರ ಹೆಸರೂ ಇದೆ, ಅಂದು ಮಾಧುರಿ ತೆಗೆದ ಇಬ್ಬರ ಫೋಟೊ ಕೂಡ ಇದೆ. ಹೊಲಿಗೆ ಮತ್ತೆ ಶುರುವಾಗಿದೆ.

ಗೆದ್ದೆವು ಅಂತ ಮಾಧುರಿಗೆ ಫೋನ್ ಮಾಡಿದೆ. ಅವಳು ಕೇಳಿದಳು: ‘ಖರೇ ಹೇಳ್ಲಿ? ಗಂಡ ಅದಾನ ಅಂತ ಬರೆದಿದ್ರ ನಾ ಆ ಜಾಕೆಟ್ ತಗೋತಿದ್ನೋ ಇಲ್ಲೋ...’

ಚೆಂದದ ಹೊಲಿಗೆಯೊಂದನ್ನು ನಾವು ಕೊಳ್ಳಬೇಕಾದರೆ, ಹೊಲಿದವಳು ವಿಧವೆಯೇ ಆಗಿರಬೇಕೇ?